ಕಾರ್ಡಿನಲ್ಲಿ ಮದುವೆಯಾದವಳು

ನಮ್ಮ ಜನ್ನಾಪುರದ ಬೀದಿಗೆ ನಲ್ಲಿ ನೀರು ಬರುವುದು ಎರಡು ದಿನಕ್ಕೊಮ್ಮೆ, ಅದೂ ಬೆಳಿಗ್ಗೆ ಒಂದೂವರೆ ಗಂಟೆ ಮಾತ್ರ. ಆ ಹೊತ್ತಿನಲ್ಲಿ ಬಾಗಿಲಿಗೆ ಯಾರು ಬಂದರೂ ನಾನು ತಲೆ ಎತ್ತುವುದಿಲ್ಲ. ಆ ಬುಧವಾರ ಬಚ್ಚಲಿನ ಹಂಡೆ ತುಂಬಿಸಿ, ಪೈಪನ್ನು ಅಂಗಳದ ನೀಲಿ ಡ್ರಮ್ಮಿಗೆ ಇಳಿಬಿಟ್ಟಿದ್ದೆ. ಮಗಳು ಸುಪ್ರಿಯಾ ಮೆಟ್ಟಿಲ ಮೇಲೆ ಕೂತು ಬೂಟಿಗೆ ಪಾಲಿಶ್ ಹಾಕುತ್ತಿದ್ದಳು. ಐದೂವರೆ ವರ್ಷ ಸೈನ್ಯದ ಮಿಲಿಟರಿ ಪೊಲೀಸಿನಲ್ಲಿ ಸಿಪಾಯಿಯಾಗಿದ್ದವಳು, ಹಿಂದಿನ ವಾರವಷ್ಟೇ ಬಿಡುಗಡೆ ಪತ್ರ ತೆಗೆದುಕೊಂಡು ಮನೆಗೆ ಬಂದಿದ್ದಳು. ಇನ್ನು ಆ ಬೂಟು ಹಾಕುವ ಕೆಲಸವೇ ಇಲ್ಲ. ಆದರೂ ದಿನಾ ಹೊಳೆಯಬೇಕು.

ಗೇಟಿನ ಮುಂದೆ ಬೈಕು ನಿಂತಿತು. ಇಳಿದವನು ತಾಲ್ಲೂಕು ಕಚೇರಿಯ ಮುರಳಿ, ನಮ್ಮ ಭಾಗದ ಅರ್ಜಿಗಳನ್ನೆಲ್ಲ ಮನೆಮನೆಗೆ ಬಂದು ಪರಿಶೀಲಿಸುವವನು.

"ಸುಪ್ರಿಯಾ ಅಂದ್ರೆ..."

"ನಾನೇ ಸರ್," ಎಂದು ಅವಳು ಎದ್ದು ನಿಂತಳು. ಒಂದು ಕೈಯಲ್ಲಿ ಬೂಟು, ಒಂದು ಕೈಯಲ್ಲಿ ಬ್ರಶ್ಶು.

"ಗಂಡನ ಮನೆಯಿಂದ ಯಾವಾಗ ಬಂದ್ರಿ?"

ಸುಪ್ರಿಯಾ ನಕ್ಕಳು. "ನಾನು ಅರ್ಜಿ ಹಾಕಿರೋದೇ ಮದುವೆ ಆಗಿಲ್ಲ ಅನ್ನೋ ಸರ್ಟಿಫಿಕೇಟಿಗೆ. ಗಂಡ ಎಲ್ಲಿಂದ ಬರ್ತಾನೆ ಸರ್?"

"ಅದನ್ನೇ ಕೇಳೋಣ ಅಂತ ಬಂದೆ." ಮುರಳಿ ನಗಲಿಲ್ಲ. ಬ್ಯಾಗಿನಿಂದ ಒಂದು ಹಾಳೆ ತೆಗೆದ. "ನಿಮ್ಮ ಮನೆ ರೇಷನ್ ಕಾರ್ಡಿಂದ ನಿಮ್ಮ ಹೆಸರು ತೆಗೆದಿದ್ದಾರೆ. ಎರಡು ಸಾವಿರದ ಇಪ್ಪತ್ತು, ಫೆಬ್ರವರಿ. ಕಾರಣ, ಮದುವೆಯಾಗಿ ಗಂಡನ ಮನೆಗೆ ಹೋಗಿದ್ದಾರೆ. ದಾಖಲೆ ಹೀಗಿರುವಾಗ ಮದುವೆ ಆಗಿಲ್ಲ ಅಂತ ನಾನು ಹೆಂಗೆ ಬರ್ಕೊಡ್ಲಿ?"

ಡ್ರಮ್ಮು ತುಂಬಿ ನೀರು ಅಂಗಳಕ್ಕೆ ಚೆಲ್ಲತೊಡಗಿತು. ನನ್ನ ಕಾಲಿನ ಕೆಳಗೇ ಹರಿಯುತ್ತಿದ್ದರೂ ನಾನು ಪೈಪನ್ನು ಮುಟ್ಟಲಿಲ್ಲ.

"ದುರ್ಗಮ್ಮ! ನೀರು ಹೋಗ್ತಿದೆ ಮಾರಾಯ್ತಿ!" ಪಕ್ಕದ ಮನೆಯ ದ್ಯಾಮಮ್ಮ ಕಾಂಪೌಂಡಿನ ಮೇಲಿಂದ ಕೂಗಿದಳು. ಮಾತೆಲ್ಲ ಕೇಳಿಸಿಕೊಂಡಿದ್ದಳು ಅಂತ ಕಾಣುತ್ತದೆ. "ಅಲ್ಲ, ಮಗಳ ಮದುವೆ ಮಾಡಿ ನಮಗೊಂದು ಊಟಾನೂ ಹಾಕ್ಲಿಲ್ವಲ್ಲೇ!"

"ಆಯ್ತು ಅತ್ತೆ, ಗಂಡ ಸಿಕ್ಕಿದ ಕೂಡ್ಲೇ ಹಾಕಿಸ್ತೀನಿ," ಎಂದು ಸುಪ್ರಿಯಾ ಉತ್ತರ ಕೊಟ್ಟಳು. ಆದರೆ ಮುಖದಲ್ಲಿ ನಗು ಉಳಿದಿರಲಿಲ್ಲ.

ಮುರಳಿ ಹಾಳೆಯನ್ನು ನನ್ನ ಕಡೆ ತಿರುಗಿಸಿದ. "ಕಾರ್ಡಿನ ಯಜಮಾನಿ ನೀವೇ ಅಲ್ವಾ? ದುರ್ಗಮ್ಮ ಕೋಂ ಲಿಂಗಪ್ಪ. ನಿಮ್ಮ ಹೆಬ್ಬೆಟ್ಟೇ ಬಿದ್ದಿದೆ ಅಮ್ಮ."

ಸುಪ್ರಿಯಾ ನನ್ನನ್ನು ನೋಡಿದಳು. ಬಾಯಿ ತೆರೆದಳು. ಮತ್ತೆ ಮುಚ್ಚಿಕೊಂಡು ಅವನ ಕಡೆಗೇ ತಿರುಗಿದಳು. "ಈಗ ಏನ್ಮಾಡ್ಬೇಕು ಸರ್?"

"ಅವತ್ತು ಕೊಟ್ಟ ಕಾರಣ ಸುಳ್ಳು ಅಂತ ಯಜಮಾನಿಯೇ ಒಂದು ಅಫಿಡವಿಟ್ ಕೊಡ್ಬೇಕು. ನಾಳೆ ಬೆಳಿಗ್ಗೆ ತಂದ್ರೆ ತಹಶೀಲ್ದಾರ್ ಸಾಹೇಬ್ರ ಸಹಿ ಹಾಕಿಸ್ತೀನಿ. ನಾಡಿದ್ದಿಂದ ದಸರಾ ರಜ, ಯಾರೂ ಸಿಗಲ್ಲ." ಬೈಕಿನ ಮೇಲೆ ಕೂತು ಮತ್ತೊಂದು ಮಾತು ಸೇರಿಸಿದ. "ಅಫಿಡವಿಟ್ ಕೊಟ್ಟ ಮೇಲೆ ಕಾರ್ಡು ಉಳಿಯಲ್ಲ ಅಮ್ಮ. ಆಹಾರ ಇಲಾಖೆಯೋರು ಕೇಳ್ತಾರೆ. ಮೊದಲೇ ಹೇಳಿದೀನಿ."

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಸುಪ್ರಿಯಾ ಸೈನ್ಯದ ನರ್ಸಿಂಗ್ ಕಾಲೇಜಿನ ಬಾಗಿಲಲ್ಲಿರಬೇಕಿತ್ತು. ಅಲ್ಲಿ ನಾಲ್ಕು ವರ್ಷ ಓದು. ಮುಗಿದ ಮೇಲೆ ಹೆಗಲ ಮೇಲೆ ಎರಡು ನಕ್ಷತ್ರ, ಲೆಫ್ಟಿನೆಂಟ್. ಸೇರುವವರು ಮದುವೆಯಾಗಿರಬಾರದು ಅನ್ನುವುದು ಅಲ್ಲಿಯ ನಿಯಮ. ಪಿಯುಸಿಯಲ್ಲಿ ಸೈನ್ಸ್ ಓದಿದ್ದ ಹುಡುಗಿ, ಬ್ಯಾರಕ್ಕಿನಲ್ಲಿ ಡ್ಯೂಟಿ ಮುಗಿಸಿ ಬಂದು ಮೊಬೈಲಿನಲ್ಲಿ ಪಾಠ ಕೇಳಿ, ಮೂರು ಸಲ ನೀಟ್ ಬರೆದಳು. ಮೂರನೆಯ ಸಲ ಅಂಕ ಬಂತು, ಸಂದರ್ಶನ ಆಯಿತು, ವೈದ್ಯಕೀಯ ತಪಾಸಣೆ ಆಯಿತು. ಅವಳಿಗೆ ಈಗ ಇಪ್ಪತ್ನಾಲ್ಕು. ಮುಂದಿನ ವರ್ಷ ವಯಸ್ಸು ಮೀರುತ್ತದೆ. ಸಿಪಾಯಿ ಕೆಲಸವನ್ನೂ ಬಿಟ್ಟಾಗಿದೆ. ಸೋಮವಾರ ತಪ್ಪಿದರೆ ಅವಳ ಕೈಯಲ್ಲಿ ಏನೂ ಉಳಿಯುವುದಿಲ್ಲ, ಹೊಳೆಯುವ ಒಂದು ಜೊತೆ ಬೂಟು ಬಿಟ್ಟು.

ನನ್ನ ಗಂಡ ಒಳಗೆ ತಟ್ಟೆಯ ಮುಂದೆ ಕೂತೇ ಎಲ್ಲ ಕೇಳಿಸಿಕೊಂಡಿದ್ದರು. ಹೊರಗೆ ಬಂದಿರಲಿಲ್ಲ.

"ರೀ, ಕೇಳಿಸ್ತಾ?" ಅಂದೆ.

"ಕೇಳಿಸ್ತು. ನಾಗೇಶನ ಹತ್ರ ಹೋಗಿ. ಅವನೇ ಮಾಡಿದ್ದು, ಅವನೇ ಸರಿ ಮಾಡ್ಲಿ." ಶಿವಮೊಗ್ಗದಲ್ಲಿರುವ ತಮ್ಮನ ಹೆಸರು ಹೇಳಿ ಅವರು ತಟ್ಟೆಯಲ್ಲೇ ಕೈ ತೊಳೆದರು. ಇಪ್ಪತ್ತೇಳು ವರ್ಷದಿಂದ ಬೇಡ ಅಂತ ಹೇಳುತ್ತಿದ್ದೇನೆ.

ಹತ್ತು ಗಂಟೆಯ ಶಿವಮೊಗ್ಗ ಬಸ್ಸಿಗೆ ಮೂವರೂ ಹತ್ತಿದೆವು. ಅವರು ಮಾಚೇನಹಳ್ಳಿಯ ಫೌಂಡ್ರಿಯಲ್ಲಿ ಅಚ್ಚು ಮಾಡುವ ಕೆಲಸಗಾರರು. ಬಸ್ಸು ಅದೇ ದಾರಿಯಲ್ಲಿ ಹೋಗುತ್ತದೆ. ಇವತ್ತೊಂದು ದಿನ ರಜೆ ಹಾಕಿ ನಮ್ಮ ಜೊತೆ ಬರುತ್ತಾರೆ ಅಂತ ನಾನು ತಿಳಿದಿದ್ದೆ. ಮಾಚೇನಹಳ್ಳಿ ಬಂತು. ಅವರು ಊಟದ ಡಬ್ಬಿ ಎತ್ತಿಕೊಂಡರು.

"ಇಳೀತೀರಾ?"

"ಲೋಡ್ ಇದೆ ಕಣೇ ಇವತ್ತು." ಬಾಗಿಲ ತನಕ ಹೋದವರು ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ಏನಾದ್ರೂ ಮಾಡಿ, ಕಾರ್ಡು ಮಾತ್ರ ಹೋಗದಂಗೆ ನೋಡ್ಕೊಳ್ಳಿ. ನನ್ನ ಎದೆ ಆಪರೇಷನ್ ಆಗಿದ್ದು ಅದರಿಂದ್ಲೇ."

ಕಂಡಕ್ಟರ್ ಸೀಟಿ ಊದಿದ. ಕಿಟಕಿಯಲ್ಲಿ ಅವರ ಬೆನ್ನು ಕಾಣಿಸಿತು, ಅಂಗಿಯ ಕಾಲರಿನ ಹತ್ತಿರ ಸವೆದುಹೋದ ಬೆನ್ನು. ಆ ಅಂಗಿಯನ್ನು ಮೊನ್ನೆ ನಾನೇ ಹೊಲಿದಿದ್ದೆ. ಸಿಟ್ಟು ಬಂದಾಗ ನನಗೆ ಕೂಗಲು ಬರುವುದಿಲ್ಲ, ಪಾತ್ರೆ ಉಜ್ಜಲು ಬರುತ್ತದೆ. ಬಸ್ಸಿನಲ್ಲಿ ಪಾತ್ರೆ ಇರಲಿಲ್ಲ. ಎದುರಿನ ಸೀಟಿನ ಕಬ್ಬಿಣದ ಸರಳನ್ನು ಸೆರಗಿನಿಂದ ಉಜ್ಜುತ್ತಾ ಕೂತೆ.

ಅವರ ಮಾತು ಸುಳ್ಳಲ್ಲ. ಎರಡು ವರ್ಷದ ಹಿಂದೆ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದು ಆ ಬಿಪಿಎಲ್ ಕಾರ್ಡಿನ ಮೇಲೆಯೇ, ಪುಕ್ಕಟೆಯಾಗಿ. ಆ ದಿನ ನಾನೂ ಕಾರ್ಡನ್ನು ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿದ್ದೆ. ಆದರೆ ಕಾರ್ಡು ಗಂಡನನ್ನು ಉಳಿಸಿತು ಅಂತ ಮಗಳನ್ನು ಅದಕ್ಕೆ ಬಲಿ ಕೊಡಬೇಕೇ? ಆಸ್ಪತ್ರೆಯಲ್ಲಿ ಹದಿನೈದು ದಿನ ಅವರ ಪಕ್ಕ ಕೂತಿದ್ದು ಯಾರು? ರಜೆ ಕೇಳಿ, ಸಿಗದೆ, ಮತ್ತೆ ಕೇಳಿ ಬಂದಿದ್ದ ಇದೇ ಹುಡುಗಿ. ರಾತ್ರಿ ಡ್ಯೂಟಿಯ ಸಿಸ್ಟರನ್ನು ಪ್ರಶ್ನೆ ಕೇಳಿ ಕೇಳಿ ಸುಸ್ತು ಮಾಡಿದ್ದಳು.

"ಅಮ್ಮ, ಸೆರಗು ಕಪ್ಪಾಯ್ತು ನೋಡು," ಎಂದಳು ಸುಪ್ರಿಯಾ. ಅದೊಂದೇ ಮಾತು. ಬೆಳಿಗ್ಗೆ ಬಾಯಿಗೆ ಬಂದು ನುಂಗಿಕೊಂಡದ್ದು ಏನು ಅಂತ ನನಗೆ ಗೊತ್ತಿತ್ತು. ಅದನ್ನು ಕೇಳಲಿಲ್ಲ. ಕೇಳಬಾರದು ಅಂತ ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

ಯಾಕೆಂದರೆ ಅವತ್ತು ನಡೆದದ್ದು ಹೀಗೆ. ಅವಳು ತರಬೇತಿಗೆ ಹೋಗಿ ತಿಂಗಳಾಗಿತ್ತು. ನನ್ನ ಮೈದುನ ನಾಗೇಶ ಲ್ಯಾಪ್‌ಟಾಪು, ಹೆಬ್ಬೆಟ್ಟು ಒತ್ತುವ ಮಿಷನ್ನು ಹಿಡಿದುಕೊಂಡು ಮನೆಗೆ ಬಂದ. ಮನೆಯಲ್ಲಿ ಸರ್ಕಾರಿ ಸಂಬಳದವರು ಇದ್ದರೆ ಕಾರ್ಡು ರದ್ದಾಗುತ್ತದೆ, ಅವಳ ಹೆಸರು ತೆಗೆದುಬಿಡೋಣ ಅತ್ತಿಗೆ, ಅಂದ. ನಾನು ಒಲೆಯ ಮುಂದೆ ಮೆಣಸಿನಕಾಯಿ ಹುರಿಯುತ್ತಿದ್ದೆ. "ಕಾರಣ ಕೇಳ್ತಿದೆ. ಎರಡೇ ತೋರಿಸ್ತಿದೆ, ಮರಣ, ಮದುವೆ. ಯಾವ್ದು ಒತ್ಲಿ?" ಅಂದ. "ಥೂ, ಬಿಡ್ತು ಅನ್ನು! ಮದುವೇನೇ ಒತ್ತು," ಅಂದೆ. ಖಾರದ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೆಬ್ಬೆಟ್ಟು ಇಟ್ಟೆ. ಅಷ್ಟೇ. ಒಂದು ನಿಮಿಷವೂ ಆಗಿರಲಿಲ್ಲ. ಮೂರು ತಿಂಗಳ ಮಗುವಾಗಿದ್ದಾಗ ಅವಳಿಗೆ ಶೀತ ಆದರೆ ರಾತ್ರಿಯೆಲ್ಲ ಎದೆಯ ಮೇಲೆ ಮಲಗಿಸಿಕೊಂಡು ಕೂತಿರುತ್ತಿದ್ದವಳು ನಾನು. ಅವಳ ಮದುವೆಯನ್ನು ಮೆಣಸಿನಕಾಯಿ ಸೀಯದ ಹಾಗೆ ನೋಡಿಕೊಳ್ಳುತ್ತಾ ಮಾಡಿ ಮುಗಿಸಿದ್ದೆ.

ನಾಗೇಶನ ಅಂಗಡಿ ದುರ್ಗಿಗುಡಿಯಲ್ಲಿ. ಜೆರಾಕ್ಸು, ಆನ್‌ಲೈನ್ ಅರ್ಜಿ, ಪಾಸ್‌ಪೋರ್ಟ್ ಫೋಟೋ. ಬಾಗಿಲ ಪಕ್ಕದಲ್ಲಿ ಸುಪ್ರಿಯಾಳ ದೊಡ್ಡ ಫ್ಲೆಕ್ಸು. ಸಮವಸ್ತ್ರ, ಕೆಂಪು ಟೋಪಿ, ಕೆಳಗೆ 'ನಮ್ಮ ಮನೆಯ ಹೆಮ್ಮೆ, ದೇಶದ ಹೆಮ್ಮೆ'. ಅದರ ಕೆಳಗೆ ಅವನ ಫೋನ್ ನಂಬರು.

ವಿಷಯ ಕೇಳಿ ಅವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. "ಅದಕ್ಕೇ ನಾನು ಹೇಳಿದ್ದು ಅತ್ತಿಗೆ, ಇರೋ ಕೆಲಸ ಬಿಡಬೇಡ ಅಂತ. ಪೊಲೀಸ್ ಅಂದ್ರೆ ಜನ ಹೆದರ್ತಾರೆ. ನರ್ಸ್ ಅಂದ್ರೆ, ಸಿಸ್ಟರ್, ಬಾತ್‌ರೂಮ್ ಎಲ್ಲಿ ಅಂತ ಕೇಳ್ತಾರೆ."

"ಲೆಫ್ಟಿನೆಂಟ್ ಚಿಕ್ಕಪ್ಪ," ಎಂದಳು ಸುಪ್ರಿಯಾ.

"ಲೆಫ್ಟಿನೆಂಟ್ ಆದ್ರೂ ಇನ್ನೊಬ್ರ ಉಚ್ಚೆ ಬಳಿಯೋದು ತಪ್ಪುತ್ತೇನಮ್ಮ?"

"ತಪ್ಪಲ್ಲ. ತಪ್ಪಬೇಕು ಅಂತಾನೂ ಇಲ್ಲ."

"ನೋಡಿ ಅತ್ತಿಗೆ, ಎದುರುತ್ತರ."

ಸುಪ್ರಿಯಾ ಕೌಂಟರಿನ ಮೇಲೆ ಎರಡೂ ಅಂಗೈ ಇಟ್ಟಳು. "ಚಿಕ್ಕಪ್ಪ, ಹೋದ ವರ್ಷಕ್ಕೆ ಮುಂಚಿನ ವರ್ಷ ನಾನು ಹೈವೇಯಲ್ಲಿ ಕಾನ್ವಾಯ್ ಡ್ಯೂಟಿಲಿದ್ದೆ. ನಮ್ಮ ಲಾರಿನೇ ಪಲ್ಟಿ ಆಯ್ತು. ಒಬ್ಬ ಹುಡುಗ ನನ್ನ ತೊಡೆ ಮೇಲೇ ಇದ್ದ, ನಲವತ್ತು ನಿಮಿಷ. ಟ್ರಾಫಿಕ್ ನಿಲ್ಸೋದು ಗೊತ್ತಿತ್ತು ನಂಗೆ. ರಕ್ತ ನಿಲ್ಸೋದು ಗೊತ್ತಿರ್ಲಿಲ್ಲ. ಆಮೇಲೆ ಬಂದ ಸಿಸ್ಟರ್ ನನ್ನ ಕೈ ಹಿಡಿದು, ಇಲ್ಲಿ ಒತ್ತು ಅಂತ ತೋರಿಸಿದ್ರು. ಅಷ್ಟೊತ್ತಿಗೆ ತಡ ಆಗಿತ್ತು. ಅವತ್ತಿಂದ ನನ್ನ ಕೈ ಸುಮ್ಮನಿಲ್ಲ. ನಿಮಗೆ ಇದೆಲ್ಲ ಹೇಳ್ತಿರೋದು ನೀವು ಒಪ್ಲಿ ಅಂತಲ್ಲ. ನಾನು ಹೋಗೇ ಹೋಗ್ತೀನಿ, ಅಷ್ಟು ಗೊತ್ತಿರ್ಲಿ."

ಈ ವಿಷಯ ನನಗೂ ಅವತ್ತೇ ಗೊತ್ತಾದದ್ದು. ಮನೆಗೆ ಫೋನ್ ಮಾಡಿದಾಗಲೆಲ್ಲ 'ಊಟ ಆಯ್ತಾ, ಚಳಿ ಇದೆಯಾ' ಅಂತ ಕೇಳಿ ಇಡುತ್ತಿದ್ದೆನಲ್ಲ.

ನಾಗೇಶ ಮೌಸನ್ನು ಅತ್ತಿತ್ತ ಸರಿಸಿದ. ಆಮೇಲೆ ಅವನ ಮುಖ ಬೆಳಗಿತು. ಅವನು ಕೆಟ್ಟವನಲ್ಲ. ಅರ್ಜಿಯಲ್ಲಿ ದಾರಿ ಹುಡುಕುವುದೇ ಅವನ ಹೊಟ್ಟೆಪಾಡು, ಬೇರೆ ರೀತಿ ಯೋಚನೆ ಮಾಡಲು ಬರುವುದಿಲ್ಲ.

"ಆ ಕಾಲೇಜಿನ ನೋಟಿಫಿಕೇಶನ್ ಕೊಡಮ್ಮ ಇಲ್ಲಿ." ಮೊಬೈಲಿನಲ್ಲಿ ಅದನ್ನು ಮೇಲೆ ಕೆಳಗೆ ಸರಿಸಿದ. "ಇಲ್ಲಿದೆ ನೋಡಿ! ಅವಿವಾಹಿತೆ, ವಿಚ್ಛೇದಿತೆ, ಇಲ್ಲಾಂದ್ರೆ ಮಕ್ಕಳಿಲ್ಲದ ವಿಧವೆ. ಮುಗೀತಲ್ಲ!"

"ಏನು ಮುಗೀತು?" ಅಂದೆ.

"ಡಿವೋರ್ಸ್ ಅಂದ್ರೆ ಕೋರ್ಟ್ ಕಾಗದ ಕೇಳ್ತಾರೆ, ತಲೆನೋವು. ವಿಧವೆ ಅನ್ನೋದೇ ಸುಲಭ. ಕಾರ್ಡಲ್ಲಿ ಮದುವೆ ಆಗಿದೆ ಅಂತ ಹೆಂಗೂ ಇದೆ. ಗಂಡ ಕೊರೋನಾದಲ್ಲಿ ಹೋದ ಅಂತ ಹಾಕೋಣ. ಆ ಟೈಮಲ್ಲಿ ಯಾರು ಯಾರ್ದು ಲೆಕ್ಕ ಇಟ್ಟಿದ್ರು? ಸರ್ಟಿಫಿಕೇಟು ನಾನು ಹೊಂದಿಸ್ತೀನಿ. ಕಾರ್ಡೂ ಉಳೀತು, ಸೀಟೂ ಉಳೀತು. ಅಣ್ಣನ ಹತ್ರ ಮಾತಾಡಿದೀನಿ, ಆಗ್ಲೇ ಫೋನ್ ಮಾಡಿದ್ದ. ಅವನೂ ಏನಾದ್ರೂ ಮಾಡು ಅಂದ."

ಜೆರಾಕ್ಸ್ ಮಾಡಿಸಲು ಬಂದಿದ್ದ ಇಬ್ಬರು ಕಾಲೇಜು ಹುಡುಗಿಯರು ನಮ್ಮ ಕಡೆ ತಿರುಗಿ ನೋಡಿದರು. ಸುಪ್ರಿಯಾಳ ಕೈ ಕೌಂಟರಿನಿಂದ ಕೆಳಗಿಳಿಯಿತು.

ಇಪ್ಪತ್ತೇಳು ವರ್ಷದಿಂದ ನಾನು ಆ ಮನೆಯ ಹಿರಿಸೊಸೆ. ನಾಗೇಶನಿಗೆ ಟೈಫಾಯಿಡ್ ಬಂದಾಗ ಗಂಜಿ ಕುಡಿಸಿದವಳು, ಅವನ ಮದುವೆಯಲ್ಲಿ ಅರಿಶಿನ ಅರೆದವಳು. ಅವನ ಹತ್ತಿರ ಒಂದು ದಿನವೂ ಜೋರಾಗಿ ಮಾತಾಡಿದವಳಲ್ಲ.

"ನಾಗೇಶ," ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಅವಳನ್ನ ಕೇಳದೆ ಅವಳಿಗೆ ಗಂಡನ್ನ ತಂದ್ರಿ. ಈಗ ಅವಳನ್ನ ಕೇಳದೇನೇ ಅವನನ್ನ ಕೊಲ್ತೀರಿ. ನಾಳೆ ಅವಳ ಹಣೆ ಕುಂಕುಮಾನೂ ನೀನೇ ಬಂದು ಅಳಿಸ್ತೀಯಾ? ಬಳೆ ಒಡೆಯೋಕೆ ನಿಮ್ಮಣ್ಣ ಬರ್ತಾರಾ, ಇಲ್ಲ, ಲೋಡ್ ಇದೆ ಅಂತಾರಾ?"

"ಅತ್ತಿಗೆ, ಕಾಗದದಲ್ಲಿ ಅಷ್ಟೇ..."

"ಕಾಗದದಲ್ಲಿ ಅಷ್ಟೇ ಅಂತಲೇ ಇಲ್ಲೀ ತನಕ ತಂದು ನಿಲ್ಸಿದ್ದು! ಹೆಗಲ ಮೇಲೆ ನಕ್ಷತ್ರ ಇಟ್ಕೊಂಡು ಬರೋ ಹುಡುಗಿ ಕಣೋ ಅದು. ಎಲ್ಲಿಗೆ ಹೋದ್ರೂ ಫೈಲಲ್ಲಿ ಇಲ್ಲದ ಗಂಡನ ಹೆಣ ಹೊತ್ಕೊಂಡು ತಿರುಗ್ಬೇಕಾ? ಹೊರಗೆ ಅವಳ ಫೋಟೋ ಹಾಕಿ ಗಿರಾಕಿ ಕರೀತೀಯ, ಒಳಗೆ ಕೂತು ಅವಳನ್ನ ಮುಂಡೆ ಮಾಡ್ತೀಯ. ನಾಚಿಕೆ ಆಗ್ಬೇಕು ನಿಂಗೆ!"

ಹುಡುಗಿಯರು ಜೆರಾಕ್ಸ್ ಮರೆತು ನಿಂತಿದ್ದರು. ನಾಗೇಶ ಎದ್ದು ನಿಂತ. "ಕಾರ್ಡ್ ಹೋದ್ರೆ ನನ್ನನ್ನ ಕೇಳ್ಬೇಡಿ ಮತ್ತೆ. ಅಣ್ಣಂಗೆ ನಾಳೆ ಎದೆ ನೋವು ಬಂದ್ರೆ?"

"ಬಂದ್ರೆ ಸಾಲ ಮಾಡ್ತೀವಿ, ಇದ್ದದ್ದು ಮಾರ್ತೀವಿ. ಮಗಳನ್ನ ಮಾರಲ್ಲ. ನೋಟರಿ ಎಲ್ಲಿದ್ದಾರೆ, ಅದನ್ನ ಹೇಳು."

ಅವನು ಬೆರಳನ್ನು ಮೇಲಕ್ಕೆ ತೋರಿಸಿದ. ಅದೇ ಕಟ್ಟಡದ ಮಹಡಿ.

ಮೆಟ್ಟಿಲು ಕಡಿದಾಗಿತ್ತು. ಸುಪ್ರಿಯಾ ನನ್ನ ಮೊಣಕೈ ಹಿಡಿದುಕೊಂಡಳು. ರೋಗಿಯನ್ನು ಹಿಡಿಯುವ ಹಾಗೆ, ಭಾರ ತನ್ನ ಮೇಲೆ ಬೀಳುವಂತೆ. ಎಲ್ಲಿ ಕಲಿತಳೋ. ಮಗಳ ಎದುರು ಒಂದು ಸಲವಾದರೂ ಸರಿಯಾಗಿ ನಿಂತೆ ಅನ್ನುವ ಬಿಸಿ ನನ್ನ ಮೈಯಲ್ಲಿತ್ತು. ಮೊಬೈಲು ಎರಡು ಸಲ ಬಡಿದುಕೊಂಡಿತು. ಗಂಡನ ಹೆಸರು. ಎತ್ತಲಿಲ್ಲ.

ಮೇಲೆ ಎರಡು ಮೇಜು, ಗೋಡೆಯ ತುಂಬ ಕಟ್ಟು ಹಾಕಿದ ಕಾಗದ. ನೋಟರಿ ಕೋರ್ಟಿಗೆ ಹೋಗಿದ್ದರು, ಅರ್ಧ ಗಂಟೆಯಲ್ಲಿ ಬರುತ್ತಾರೆ ಅಂದರು ಅಲ್ಲಿ ಟೈಪ್ ಮಾಡುವ ದಾಕ್ಷಾಯಣಮ್ಮ. ನನಗಿಂತ ಹಿರಿಯರು. ಕನ್ನಡಕ ಮೂಗಿನ ತುದಿಯಲ್ಲಿ. ಕೇಳುತ್ತಾ ಕೇಳುತ್ತಾ ಟೈಪ್ ಮಾಡುತ್ತಿದ್ದರು, ನಡುನಡುವೆ ಡಬ್ಬಿಯಿಂದ ಅವಲಕ್ಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

"ಅಂದ್ರೆ ಮಗಳಿಗೆ ಮದುವೆ ಆಗಿಲ್ಲ, ಆದ್ರೆ ಆಗಿದೆ ಅಂತ ಹಾಕಿದ್ರಿ. ಈ ವರ್ಷ ಇದು ನನಗೆ ನಾಲ್ಕನೇದು ಕಣ್ರೀ. ಒಬ್ಬಳಂತೂ ಮದುವೆ ಮನೇಲಿ ನಿಂತು ಫೋನ್ ಮಾಡಿದ್ಲು, ನಂಗೆ ಮೊದ್ಲೇ ಮದುವೆ ಆಗಿದೆಯಂತೆ ಮೇಡಂ, ಅಂತ." ನಗುತ್ತಾ ಸುಪ್ರಿಯಾಳ ಕಡೆ ನೋಡಿದರು. "ನೀನು ಯಾವುದಕ್ಕಮ್ಮ?"

"ಮಿಲಿಟರಿ ನರ್ಸಿಂಗಿಗೆ ಮೇಡಂ."

"ಒಳ್ಳೇದು, ಒಳ್ಳೇದು." ಮತ್ತೆ ಟೈಪ್ ಮಾಡಿದರು. ನನ್ನ ಹೆಸರು, ವಯಸ್ಸು, ವಿಳಾಸ. ಕಾರ್ಡಿನ ನಂಬರು. ಮಗಳ ಹೆಸರು. ಇವಳು ಈ ದಿನದವರೆಗೂ ಅವಿವಾಹಿತಳಾಗಿರುತ್ತಾಳೆ ಅನ್ನುವ ಸಾಲು ಓದಿ ಹೇಳಿದರು. ಮಳೆ ನಿಂತ ಮೇಲಿನ ಬಿಸಿಲು ಕಿಟಕಿಯಿಂದ ಮೇಜಿನ ಮೇಲೆ ಬಿದ್ದಿತ್ತು. ಕೆಳಗೆ ಬೀದಿಯಲ್ಲಿ ಯಾರೋ ಆಟೋದವನಿಗೆ ಬೈಯುತ್ತಿದ್ದರು.

"ಈಗ ಐದನೇ ಪ್ಯಾರಾ. 'ಸದರಿ ತಪ್ಪು ಮಾಹಿತಿಯನ್ನು ನನ್ನ ಗಮನಕ್ಕೆ ಬಾರದೆ ನಮೂದಿಸಲಾಗಿರುತ್ತದೆ.' ಹಾಕ್ಲಾ?"

"ಹಂಗಂದ್ರೆ?"

"ನಿಮಗೆ ಗೊತ್ತಿರ್ಲಿಲ್ಲ, ಅರ್ಜಿ ತುಂಬಿದೋರು ಏನೋ ಒತ್ತಿದ್ರು, ನೀವು ನಂಬಿ ಹೆಬ್ಬೆಟ್ಟು ಕೊಟ್ರಿ ಅಂತ. ಎಲ್ರೂ ಹಿಂಗೇ ಹಾಕ್ಸೋದು. ಗೊತ್ತಿದ್ದೂ ಮಾಡಿದೆ ಅಂತ ಬರೆದ್ರೆ ನಾಳೆ ನಿಮ್ಮನ್ನೇ ಕೂರಿಸ್ಕೊಂಡು ಕೇಳ್ತಾರೆ. ಯಾಕೆ ಬೇಕು? ಗೊತ್ತಿರ್ಲಿಲ್ಲ ಅಂತಾನೇ ಇರ್ಲಿ."

ಕೆಳಗಿನ ಅಂಗಡಿಯಲ್ಲಿ ಅಷ್ಟೆಲ್ಲ ಕೂಗಿದ್ದ ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ನಾಗೇಶ ಮಾಡಿದ, ಗಂಡ ಮಾಡಿಸಿದರು, ಕಂಪ್ಯೂಟರಿನಲ್ಲಿ ಎರಡೇ ಇತ್ತು. ಬೆಳಿಗ್ಗೆಯಿಂದ ನನ್ನ ಸಿಟ್ಟು ಊರಿನ ಎಲ್ಲ ಬಾಗಿಲಿಗೂ ಹೋಗಿ ಬಡಿದಿತ್ತು. ನನ್ನ ಬಾಗಿಲಿನ ಮುಂದೆ ಮಾತ್ರ ಸದ್ದಿಲ್ಲದೆ ದಾಟಿಹೋಗಿತ್ತು.

"ಹೂಂ," ಅಂದೆ. "ಹಂಗೇ ಹಾಕಿ."

ದಾಕ್ಷಾಯಣಮ್ಮನ ಬೆರಳು ಕೀಲಿಯ ಮೇಲೆ ಇಳಿಯುವಷ್ಟರಲ್ಲಿ ಸುಪ್ರಿಯಾ ಕೈ ಎತ್ತಿ ತಡೆದಳು. ರಸ್ತೆಯಲ್ಲಿ ಗಾಡಿ ನಿಲ್ಲಿಸುವ ಹಾಗೆ, ನೆಟ್ಟಗೆ.

"ಒಂದು ನಿಮಿಷ ಮೇಡಂ."

ನನ್ನ ಕಡೆ ತಿರುಗಿದಳು. ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

"ಅಮ್ಮ, ಅವತ್ತು ಹೆಬ್ಬೆಟ್ಟು ಒತ್ತುವಾಗ ನಿಂಗೆ ಗೊತ್ತಿತ್ತಾ?"